ಎಡಗಡೆಯ ಡಾರ್ಟ್

ಜನವರಿ 11

ಪ್ರೀತಿಯ ಮೊಂಡಿಗೆ,

ಇದರ ಜೊತೆ ಮೂರು ಬಟ್ಟೆ ಚೂರುಗಳನ್ನು ಪಿನ್ ಮಾಡಿ ಕಳಿಸಿದ್ದೇನೆ. ಒಂದು ನೀಲಿ, ಬಿಳಿ ಚುಕ್ಕೆಯದು. ಒಂದು ಕೆಂಪು ಚೌಕಳಿ. ಇನ್ನೊಂದು ಬೆಣ್ಣೆ ಬಣ್ಣದ್ದು. ನೀಲಿಯನ್ನೇ ಆರಿಸು. ನಿನಗೂ ಆರಿಸುವ ಹಕ್ಕಿದೆ ಎಂದು ತೋರಿಸಲು ಮಿಕ್ಕೆರಡನ್ನು ಇಟ್ಟಿದ್ದೇನೆ, ಅಷ್ಟೆ.

ಏಪ್ರಿಲ್ ಮೊದಲ ಭಾನುವಾರ ನಮ್ಮ ಹಳೇ ಉಡುಪಿನ ಗುಂಪಿನ ವರ್ಷದ ನಡಿಗೆ. ಈ ಸಲವೂ ಏಳು ಜನ ಹೆಂಗಸರು. ಎಲ್ಲರೂ ಅವರವರ ಕೈಯಾರೆ ಹೊಲಿದ, ಎಪ್ಪತ್ತರಿಂದ ನೂರು ವರ್ಷ ಹಿಂದಿನ ಮಾದರಿಯ ಡ್ರೆಸ್ ತೊಟ್ಟು, ಕೈಗವಸು ಹಾಕಿಕೊಂಡು ಉದ್ಯಾನದಲ್ಲಿ ಒಂದು ಸುತ್ತು ಹಾಕಿ ಚಹಾ ಕುಡಿದು ಬರುವುದು. ನಿನ್ನ ಭಾವ ನಿನ್ನೆ ಡ್ಯೂಟಿ ಮುಗಿಸಿ ಬಂದವರು, "ನೀವು ಏಳು ಜನ ಒಟ್ಟಿಗೆ ನನ್ನ ಬಸ್ ಹತ್ತಿದ್ರೆ ಎಲ್ಲಿಗೆ ಅಂತ ಕೇಳ್ಬೇಕೋ, ಯಾವ ಇಸವಿಗೆ ಅಂತ ಕೇಳ್ಬೇಕೋ?" ಎಂದರು. ಬಸ್ ಓಡಿಸುವವರಿಗೆ ಇಷ್ಟು ಬಾಯಿ ಯಾಕೆ ಬೇಕು ಹೇಳು.

ಹೋದ ವರ್ಷ ನೀನು ಬಂದಾಗ ಆ ಹಳದಿ ಡ್ರೆಸ್ಸಿನಲ್ಲಿ ಎಲ್ಲರ ಕಣ್ಣೂ ನಿನ್ನ ಮೇಲೇ ಇತ್ತು. ಐವತ್ತರ ದಶಕದ ಹೊಲಿಗೆ ನಿನ್ನಂಥ ಮೈಕಟ್ಟಿಗೆಂದೇ ಹುಟ್ಟಿದ್ದು: ತುಂಬಿದ ಎದೆ, ಹಿಡಿಯಷ್ಟು ಸೊಂಟ, ಕೆಳಗೆ ಸುತ್ತು ಸುತ್ತು ಲಂಗ. ಈ ಸಲವೂ ಅದನ್ನೇ ಹೊಲಿಯುತ್ತೇನೆ. ವರ್ಷ ಆಯಿತು, ಹೊಸ ಅಳತೆ ಕಳಿಸು. ಎದೆ, ಸೊಂಟ, ಭುಜ, ಬೆನ್ನು. ಉಸಿರು ಬಿಗಿಹಿಡಿದು ಅಳೆಯಬೇಡ, ಹೋದ ಸಲ ಹಾಗೆ ಮಾಡಿ ಕೂತಾಗ ಹುಕ್ಕು ಹಾರಿಸಿದವಳು ನೀನು.

ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಎಂದಿನಂತೆ. ನೆಲಮಾಳಿಗೆಯಲ್ಲಿ ನಾನು, ನನ್ನ ಮಿಷನ್ನು, ಹರಿದ ಹಾಸಿಗೆ ಬಟ್ಟೆಗಳ ಗುಡ್ಡ. ಈಗ ಎರಡನೇ ಮಹಡಿಯ ವಾರ್ಡಿಗೆಂದು ಮುಂದೆ ಗುಂಡಿ ಬಿಚ್ಚುವ ಗೌನು ಹೊಲಿಯಲು ಹೇಳಿದ್ದಾರೆ. ದಿನಕ್ಕೆ ನಲವತ್ತು ಗುಂಡಿ. ಬೆರಳು ಸತ್ತುಹೋಗಿವೆ.

ಫೋನಿನಲ್ಲಿ "ಚೆನ್ನಾಗಿದ್ದೀಯಾ", "ಚೆನ್ನಾಗಿದ್ದೀನಿ" ಎನ್ನುವಷ್ಟರಲ್ಲಿ ನಮ್ಮಿಬ್ಬರ ಮಾತು ಮುಗಿದುಹೋಗುತ್ತದೆ. ಅದಕ್ಕೇ ಕಾಗದ ಬರೆ, ಉದ್ದವಾಗಿ ಬರೆ.

ನಿನ್ನ ಅಕ್ಕ


ಫೆಬ್ರವರಿ 20

ಅಕ್ಕ,

ತಡವಾಯಿತು, ಬೈಯಬೇಡ. ಕನ್ನಡಕದ ಅಂಗಡಿಯಲ್ಲಿ ಫ್ರೇಮಿನ ಪೆಟ್ಟಿಗೆ ಎತ್ತಲು ಹೋಗಿ ಬಲಗೈ ಉಳುಕಿತು. ಕೆಲವು ದಿನ ರಜೆ ಹಾಕಿದ್ದೆ. ಅಕ್ಷರ ಸೊಟ್ಟಗಿದ್ದರೆ ಅದೇ ಕಾರಣ.

ಬೆಣ್ಣೆ ಬಣ್ಣದ ಬಟ್ಟೆಯೇ ಇರಲಿ. ಇನ್ನೊಂದು ಮಾತು. ಈ ಸಲ ಐವತ್ತರ ದಶಕದ್ದು ಬೇಡ. ಇಪ್ಪತ್ತರ ದಶಕದ್ದು ಹೊಲಿದು ಕೊಡುತ್ತೀಯಾ? ಭುಜದಿಂದ ನೆಟ್ಟಗೆ ಇಳಿಯುತ್ತದಲ್ಲ, ಸೊಂಟ ಎಲ್ಲೋ ಕೆಳಗಿರುತ್ತದಲ್ಲ, ಅದು. ತಲೆಯ ಮೇಲಿಂದ ಹಾಕಿಕೊಳ್ಳುವುದು ಬೇಡ, ಮುಂದೆ ಗುಂಡಿ ಇಡು. ಕತ್ತು ಸ್ವಲ್ಪ ಮುಚ್ಚಿರಲಿ.

ಭುಜ ಹದಿನಾಲ್ಕೂವರೆ, ಸೊಂಟದ ಕೆಳಗಿನ ಸುತ್ತು ಮೂವತ್ತೆಂಟು, ಉದ್ದ ನಿನಗೇ ಗೊತ್ತು. ಎದೆಯ ಅಳತೆ ಬೇಕಾಗುವುದಿಲ್ಲ, ಆ ಕಾಲದ ಡ್ರೆಸ್ ಸಡಿಲವೇ ಅಲ್ಲವೆ.

ಏಪ್ರಿಲ್‌ಗೆ ಬರಲು ಆಗುತ್ತದೋ ಇಲ್ಲವೋ ಈಗಲೇ ಹೇಳಲಾರೆ. ನಮ್ಮ ಮನೆಯ ಮಹಡಿ ಮೇಲಿರುವ ಟೀಚರ್ ನಿನ್ನನ್ನು ಕೇಳಿದೆ ಎಂದು ಹೇಳಲು ಹೇಳಿದ್ದಾರೆ. ಈಗೀಗ ದಿನಾ ಬಂದು ಹೋಗುತ್ತಾರೆ. ಒಳ್ಳೆಯವರು.

ನಿನ್ನ ತಂಗಿ


ಫೆಬ್ರವರಿ 27

ಮೊಂಡಿ ಮಹಾರಾಣಿಯವರಿಗೆ,

ನಿನ್ನ ಕಾಗದ ಓದಿ ಕುರ್ಚಿ ಹಿಡಿದುಕೊಂಡು ಕೂತೆ. ಇಪ್ಪತ್ತರ ದಶಕ! ನಿನಗೆ! ಅದು ಮುಂದೆ ಹಿಂದೆ ಒಂದೇ ಹಲಗೆ ಇದ್ದವರು ತೊಡುವ ಉಡುಪು ಕಣೆ. ಎದೆ ಇದ್ದವರು ಪಟ್ಟಿ ಬಿಗಿದು ಚಪ್ಪಟೆ ಮಾಡಿಕೊಂಡು ಹಾಕಿಕೊಳ್ಳುತ್ತಿದ್ದರಂತೆ. ದೇವರು ನಿನಗೆ ಕೊಟ್ಟಿದ್ದರಲ್ಲಿ ಅರ್ಧ ನನಗೆ ಕೊಟ್ಟಿದ್ದರೂ ನಾನು ಬೀದಿ ತುಂಬ ಮೆರೆಯುತ್ತಿದ್ದೆ. ನೀನು ಗೋಣಿಚೀಲ ಕೇಳುತ್ತಿದ್ದೀಯ.

ಮೇಲಾಗಿ ಮುಂದೆ ಗುಂಡಿ! ವಾರವಿಡೀ ಎರಡನೇ ಮಹಡಿಗೆ ಮುಂದೆ ಗುಂಡಿಯ ಗೌನು ಹೊಲಿದು, ಭಾನುವಾರ ಮನೆಯಲ್ಲಿ ಕೂತು ನಿನಗೂ ಅದನ್ನೇ ಹೊಲಿಯಬೇಕೆ? ಆ ಕಾಲದ ಡ್ರೆಸ್ಸಿಗೆ ಪಕ್ಕದಲ್ಲಿ ಹುಕ್ಕು ಇರುತ್ತಿತ್ತು, ಇಲ್ಲವೇ ತಲೆ ಮೇಲಿಂದ. ನಮ್ಮ ಗುಂಪಿನಲ್ಲಿ ಔಷಧಿ ಅಂಗಡಿಯವಳು ಇದ್ದಾಳಲ್ಲ, ಅವಳ ಕಣ್ಣಿಗೆ ಇದು ಬಿದ್ದರೆ ವರ್ಷವಿಡೀ ಆಡಿಕೊಳ್ಳುತ್ತಾಳೆ. ಆದರೂ ಹೊಲಿಯುತ್ತೇನೆ. ನೀನು ಕೇಳಿದ್ದನ್ನು ಇಲ್ಲ ಎಂದಿದ್ದು ಯಾವಾಗ? ಎದೆಯ ಅಳತೆ ಮಾತ್ರ ಕಳಿಸು, ತಲೆ ತಿನ್ನಬೇಡ.

ನನ್ನದು ಹಸಿರು, ನಲವತ್ತರ ದಶಕದ ಮಾದರಿ. ಕತ್ತರಿಸಿ ಆಯಿತು. ಆದರೆ ಒಂದು ಕಡೆ ಜೀವ ತೆಗೆಯುತ್ತಿದೆ. ಎದೆಯ ಉಬ್ಬಿಗೆ ಬಟ್ಟೆ ಕೂರಲೆಂದು ಮಡಿಸಿ ಹೊಲಿಯುವ ಡಾರ್ಟ್ ಇದೆಯಲ್ಲ, ಎಡಗಡೆಯದು ಕೂರುತ್ತಲೇ ಇಲ್ಲ. ತುದಿಯಲ್ಲಿ ಸುಕ್ಕು, ಪಕ್ಕದಲ್ಲಿ ಎಳೆತ. ಮೂರು ಸಲ ಬಿಚ್ಚಿ ಹೊಲಿದೆ. ಬಲಗಡೆಯದು ಕಣ್ಣಿಗೊತ್ತಿಕೊಳ್ಳುವ ಹಾಗಿದೆ. ಅದೇ ಪೇಪರ್ ಪ್ಯಾಟರ್ನ್, ಆರು ವರ್ಷದಿಂದ ಅದನ್ನೇ ಇಟ್ಟು ಕತ್ತರಿಸುತ್ತಿದ್ದೇನೆ, ಒಂದು ದಿನವೂ ಕೈ ಕೊಟ್ಟಿರಲಿಲ್ಲ. ಬಟ್ಟೆಯ ದೋಷವೇ ಇರಬೇಕು. ಅಂಗಡಿಯವನು ಹಳೇ ಥಾನನ್ನು ನನ್ನ ತಲೆಗೆ ಕಟ್ಟಿದ್ದಾನೆ.

ಕೈಗೆ ಬಿಸಿನೀರಿನ ಶಾಖ ಕೊಡು. ಟೀಚರಿಗೆ ನನ್ನ ನಮಸ್ಕಾರ ಹೇಳು. ದಿನಾ ಬರುವಷ್ಟು ಏನು ಕೆಲಸವಂತೆ ಅವರಿಗೆ?

ಅಕ್ಕ


ಮಾರ್ಚ್ 4

ಅಕ್ಕ,

ಡಾರ್ಟಿನ ವಿಷಯ. ನಾನೂ ಒಂದು ಮೇಲಂಗಿ ಹೊಲಿಯುತ್ತಿದ್ದೇನೆ, ನನಗೂ ಅದೇ ತೊಂದರೆ, ಅದಕ್ಕೇ ಕೇಳುತ್ತಿದ್ದೇನೆ.

ಹಳೇ ಡ್ರೆಸ್ಸುಗಳನ್ನು ಹಾಕಿಕೊಂಡು ನೋಡಿದೆಯಾ? ಅವುಗಳಲ್ಲೂ ಎಡಗಡೆ ಎಳೆಯುತ್ತದೆಯಾ? ಎಳೆದರೆ ಅದು ಬಟ್ಟೆಯ ದೋಷವಲ್ಲ. ಎಂದಿನಿಂದ ಹೀಗೆ? ಕನ್ನಡಿ ಮುಂದೆ, ಬಟ್ಟೆ ಇಲ್ಲದೆ, ಎರಡೂ ಕೈ ಮೇಲೆತ್ತಿ ನಿಂತು ನೋಡು. ಎರಡೂ ಕಡೆ ಒಂದೇ ಥರ ಇದೆಯಾ? ಚರ್ಮ ಎಲ್ಲಾದರೂ ಒಳಗೆ ಎಳೆದ ಹಾಗೆ ಕಾಣುತ್ತದೆಯಾ?

ನಗಬೇಡ. ಸರಿಯಾಗಿ ನೋಡಿ ಬರೆ. ತಕ್ಷಣ ಬರೆ.


ಮಾರ್ಚ್ 12

ಡಾಕ್ಟರಮ್ಮನವರಿಗೆ,

ಕೈ ಎತ್ತಿ ನಿಲ್ಲಬೇಕಂತೆ! ನಿನ್ನ ಭಾವ ನೋಡಿದರೆ ಪೊಲೀಸರು ಬಂದಿದ್ದಾರೆ ಎಂದುಕೊಳ್ಳುತ್ತಿದ್ದರು. ಕನ್ನಡಕದ ಅಂಗಡಿಯಲ್ಲಿ ಕೂತು ಕೂತು ಕಂಡವರನ್ನೆಲ್ಲ ಪರೀಕ್ಷೆ ಮಾಡುವ ಚಟ ಹತ್ತಿದೆ ನಿನಗೆ.

ಡಾರ್ಟ್ ಸರಿಹೋಯಿತು. ಒಂದು ಉಪಾಯ ಮಾಡಿದೆ, ಈಗ ಎರಡೂ ಕಡೆ ಒಂದೇ ಸಮ ಕೂತಿದೆ. ಆ ಮಾತು ಅಲ್ಲಿಗೆ ಬಿಡು.

ನಿನ್ನ ಗೋಣಿಚೀಲ ಮುಗಿಯಿತು, ಇದರ ಜೊತೆ ಇದೆ. ಬೈದುಕೊಂಡೇ ಹೊಲಿದೆ, ಆದರೆ ನಿಜ ಹೇಳಬೇಕೆಂದರೆ ಚೆನ್ನಾಗಿ ಬಂದಿದೆ. ಮುಂದೆ ಹನ್ನೊಂದು ಮುತ್ತಿನ ಗುಂಡಿ. ನೀನು ಎದೆಯ ಅಳತೆ ಕಳಿಸಲೇ ಇಲ್ಲ, ಹೋದ ವರ್ಷದ್ದನ್ನೇ ಇಟ್ಟುಕೊಂಡೆ. ಆ ಕಾಲದವರಿಗೆ ಡಾರ್ಟ್ ಬೇಕಿರಲಿಲ್ಲ, ನಿನಗೆ ಬೇಕು. ಅದಕ್ಕೆ ಎರಡೂ ಕಂಕುಳ ಕೆಳಗೆ ಯಾರಿಗೂ ಕಾಣದ ಹಾಗೆ ಒಂದೊಂದು ಡಾರ್ಟ್ ಬಚ್ಚಿಟ್ಟಿದ್ದೇನೆ. ಅಕ್ಕನ ಕೈಚಳಕ ನೋಡು.

ಹಾಕಿಕೊಂಡು ಒಂದು ಫೋಟೋ ತೆಗೆಸಿ ಕಳಿಸು. ಟೀಚರಿಗೇ ಹೇಳು, ಹೇಗೂ ದಿನಾ ಬರುತ್ತಾರಲ್ಲ.

ಅಕ್ಕ


ಮಾರ್ಚ್ 19

ಅಕ್ಕ,

ಡ್ರೆಸ್ ಬಂತು. ಹಾಕಿಕೊಂಡೆ. ಕನ್ನಡಿ ಮುಂದೆ ನಿಂತಾಗ ಬಲಗಡೆ ನೀನು ಬಚ್ಚಿಟ್ಟ ಡಾರ್ಟ್ ಖಾಲಿ ಚೀಲದ ಹಾಗೆ ಎದ್ದು ನಿಂತಿತ್ತು. ಕೈಯಿಂದ ಒತ್ತಿದೆ, ಮತ್ತೆ ಎದ್ದಿತು. ಮಂಚದ ಮೇಲೆ ಕೂತು ಅತ್ತೆ.

ಕೈ ಉಳುಕಿರಲಿಲ್ಲ. ಜನವರಿ ಮೂವತ್ತಕ್ಕೆ ಆಪರೇಷನ್ ಆಯಿತು. ಬಲಗಡೆಯದನ್ನು ಪೂರ್ತಿ ತೆಗೆದರು. ಕ್ಯಾನ್ಸರ್. ನೀನು ಅಳತೆ ಕೇಳಿ ಬರೆದ ಕಾಗದ ಬಂದ ವಾರದಲ್ಲೇ ನನಗೆ ವರದಿ ಸಿಕ್ಕಿತ್ತು. ಟೇಪು ಕೈಯಲ್ಲಿ ಹಿಡಿದು ಏನು ಬರೆಯಲಿ ಎಂದು ಗೊತ್ತಾಗದೆ ಸುತ್ತಿ ಇಟ್ಟುಬಿಟ್ಟೆ. ಆಸ್ಪತ್ರೆಯಲ್ಲಿ ಟೀಚರ್ ಇದ್ದರು. ನರಕ್ಕೆ ಕೀಮೋ ಔಷಧಿ ಹನಿಸುವುದು ಇನ್ನೂ ನಡೆಯುತ್ತಿದೆ, ಕೂದಲು ಉದುರಿದೆ. ಬದುಕುತ್ತೇನೆ ಅನ್ನುತ್ತಾರೆ, ಆದರೆ ಇನ್ನೂ ಆರು ತಿಂಗಳು ಮೊದಲೇ ಬರಬೇಕಿತ್ತು ಎಂದೂ ಅನ್ನುತ್ತಾರೆ.

ನಿನಗೆ ಯಾಕೆ ಹೇಳಲಿಲ್ಲ? ಅಮ್ಮನನ್ನು ನೀನೊಬ್ಬಳೇ ನೋಡಿಕೊಂಡೆ, ಆಗ ನಿನಗೆ ಇಪ್ಪತ್ತು. ನನ್ನನ್ನೂ ಹಾಗೆ ನೋಡಿಕೊಳ್ಳಲು ಓಡಿಬರುತ್ತೀಯ ಎಂದು ಗೊತ್ತಿತ್ತು. ಎಲ್ಲ ಮುಗಿದ ಮೇಲೆ ಹೇಳೋಣ, ನಕ್ಕುಕೊಂಡು ಹೇಳೋಣ ಅಂದುಕೊಂಡೆ. ನೀನು ಆ ಡಾರ್ಟಿನ ವಿಷಯ ಬರೆಯದಿದ್ದರೆ ಇವತ್ತೂ ಹೇಳುತ್ತಿರಲಿಲ್ಲ.

ಅಕ್ಕ, ನನಗೂ ಮೊದಲು ಬಟ್ಟೆಯಲ್ಲೇ ಗೊತ್ತಾಗಿದ್ದು. ಆ ಹಳದಿ ಡ್ರೆಸ್ಸು ಬಲಗಡೆ ಎಳೆಯುತ್ತಿತ್ತು. ಒಗೆದಾಗ ಕುಗ್ಗಿದೆ ಎಂದುಕೊಂಡೆ. ಐದು ತಿಂಗಳು ಹಾಗೇ ಅಂದುಕೊಂಡೆ.

ಡಾಕ್ಟರು ಮೊದಲು ಕೇಳಿದ್ದೇ, "ನಿಮ್ಮ ತಾಯಿಗೆ, ಅಕ್ಕ ತಂಗಿಯರಿಗೆ ಯಾರಿಗಾದ್ರೂ ಇತ್ತಾ?" ಎಂದು. ಇಲ್ಲ, ಅಮ್ಮ ಶ್ವಾಸಕೋಶದ ಕಾಯಿಲೆಯಲ್ಲಿ ಹೋದರು ಎಂದೆ. ಈಗ ನನಗೆ ಬಂದಿದೆ, ಆದ್ದರಿಂದ ನಿನಗೂ ಬರಬಹುದು. ನೀನು ಕೂತಿರುವ ನೆಲಮಾಳಿಗೆಯಿಂದ ಎರಡನೇ ಮಹಡಿಯ ಕ್ಯಾನ್ಸರ್ ವಾರ್ಡಿಗೆ ಎಷ್ಟು ದೂರ? ಹೋಗು. ಈ ಕಾಗದ ಮಡಿಸಿಟ್ಟು ಹೋಗು.

ತಂಗಿ


ಮಾರ್ಚ್ 22

ನನ್ನ ಕಂದ,

ಕಾಗದ ಮೂರು ಸಲ ಓದಿದೆ. ಮುಂದೆ ಗುಂಡಿ ಇಡು ಅಂದೆಯಲ್ಲ, ಅದಕ್ಕೆ ನಾನು ಏನೆಲ್ಲ ಬರೆದೆ. ಹಲಗೆ ಎಂದೆ. ಗೋಣಿಚೀಲ ಎಂದೆ. ನನ್ನ ಕೈ ಸೇದಿಹೋಗಲಿ. ಆ ಗೌನುಗಳಿಗೆ ಯಾಕೆ ಮುಂದೆ ಗುಂಡಿ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೈ ಎತ್ತಲಾಗದವರಿಗೆ ಅದು. ದಿನಾ ಹೊಲಿಯುವವಳಿಗೆ ತಂಗಿ ಕೇಳಿದಾಗ ತಿಳಿಯಲಿಲ್ಲ. ನಿನ್ನ ತಲೆ ಸವರಿದವಳು ಯಾವಳೋ ಟೀಚರ್. ಅವಳ ಮೇಲೆ ಹೊಟ್ಟೆಕಿಚ್ಚು ಬರುತ್ತಿದೆ, ಅವಳ ಕಾಲಿಗೆ ಬೀಳಬೇಕು ಎಂದೂ ಅನಿಸುತ್ತಿದೆ.

ನಾನು ಒಂದು ಮಾತು ಹೇಳಬೇಕು. ಬರೆದು ಹರಿದೆ, ಇದು ನಾಲ್ಕನೆಯ ಹಾಳೆ.

ಅಮ್ಮನಿಗೆ ಇದ್ದದ್ದೂ ಅದೇ. ಎದೆಯದೇ. ಕೊನೆಗೆ ಶ್ವಾಸಕೋಶಕ್ಕೆ ಹೋಗಿತ್ತು, ಅಷ್ಟರಮಟ್ಟಿಗೆ ನಿನಗೆ ಹೇಳಿದ್ದು ಸುಳ್ಳಲ್ಲ ಎಂದು ಮೂವತ್ತೊಂದು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಎಡಗಡೆಯದನ್ನು ತೆಗೆದಿದ್ದರು. ನಿನಗೆ ಹನ್ನೆರಡು. ಅಮ್ಮ ನನ್ನ ಕೈ ಹಿಡಿದು, "ಚಿಕ್ಕವಳಿಗೆ ಹೇಳ್ಬೇಡ, ಅವಳು ತನ್ನ ಮೈ ನೋಡ್ಕೊಂಡು ಹೆದರ್ಕೊಂಡೇ ಬೆಳೀತಾಳೆ. ಆಣೆ ಮಾಡು" ಎಂದಳು. ಮಾಡಿದೆ.

ಹೊಲಿಗೆ ಯಾರು ಕಲಿಸಿದರು ಎಂದು ಗುಂಪಿನವರೆಲ್ಲ ಕೇಳುತ್ತಾರೆ. ನಾನೇ ಕಲಿತೆ ಎನ್ನುತ್ತೇನೆ. ನಾನು ಮೊದಲು ಹೊಲಿದದ್ದು ಅಮ್ಮನ ಎಡಗಡೆಗೆ ಹತ್ತಿ ತುಂಬಿದ ಒಂದು ದಿಂಬು, ಅಂಗೈ ಅಗಲದ್ದು. ನಿನ್ನ ಶಾಲೆಯ ಸಭೆಗೆ ಬರುವಾಗ ಯಾರಿಗೂ ಗೊತ್ತಾಗಬಾರದು ಎಂದು. ನೀನು ಅಂದು ಅಮ್ಮನ ಪಕ್ಕ ನಿಂತು ಫೋಟೋ ತೆಗೆಸಿಕೊಂಡೆ. ನಿನಗೆ ಗೊತ್ತಾಗಲಿಲ್ಲ. ಆ ದಿನ ನನಗೆ ಎಷ್ಟು ಹೆಮ್ಮೆಯಾಗಿತ್ತು!

ನೀನು ದೊಡ್ಡವಳಾದ ಮೇಲೆ ಹೇಳಬೇಕಿತ್ತು. ಪ್ರತಿ ವರ್ಷ ಹೇಳಬೇಕು ಎಂದುಕೊಂಡೆ. ನೀನು ನಗುನಗುತ್ತ ಬರುತ್ತಿದ್ದೆ, ಡ್ರೆಸ್ ಹಾಕಿಕೊಂಡು ಗಿರ್ರನೆ ತಿರುಗುತ್ತಿದ್ದೆ, ನಾನು ಅದರ ಅಂಚು ಸರಿಮಾಡುತ್ತ ಕೂರುತ್ತಿದ್ದೆ.

ನನ್ನ ಚಿಂತೆ ಮಾಡಬೇಡ. ನನಗೇನೂ ಇಲ್ಲ. ನಾನು ಅಲ್ಲಿಗೆ ಬರಲಾ? ಒಂದು ಮಾತು ಬರೆ, ಮರುದಿನವೇ ಹೊರಡುತ್ತೇನೆ.

ಅಕ್ಕ


ಮಾರ್ಚ್ 30

ನಿನ್ನ ಕಾಗದ ಬರಲಿಲ್ಲ. ಫೋನ್ ಎತ್ತುತ್ತಿಲ್ಲ. ನಿನ್ನೆ ಟೀಚರ್ ಎತ್ತಿದರು. "ಅವರು ಆರಾಮಾಗಿದ್ದಾರೆ, ಔಷಧಿ ತಗೊಳ್ತಿದ್ದಾರೆ. ಈಗ ಮಾತಾಡೋಕೆ ಇಷ್ಟ ಇಲ್ವಂತೆ" ಎಂದರು. ಮೆತ್ತಗೇ ಹೇಳಿದರು. ಮೆತ್ತಗೆ ಹೇಳಿದ್ದೇ ಹೆಚ್ಚು ಚುಚ್ಚಿತು.

ನಾಲ್ಕು ಟೋಪಿ ಕಳಿಸಿದ್ದೇನೆ, ಒಳಗೆ ಮೆತ್ತನೆ ಹತ್ತಿ ಬಟ್ಟೆ, ಹೊಲಿಗೆ ತಲೆಗೆ ತಾಗುವುದಿಲ್ಲ. ಬೇಡವಾದರೆ ಬಿಸಾಡು.

ಅಕ್ಕ


ಏಪ್ರಿಲ್ 9

ಮೊಂಡಿ,

ನೀನು ಬರೆಯದಿದ್ದರೂ ನಾನು ಬರೆಯುತ್ತೇನೆ.

ಭಾನುವಾರ ನಡಿಗೆಗೆ ಹೋಗಿದ್ದೆ. ಮನೆಯಲ್ಲಿ ಕೂತರೆ ನಿನ್ನ ಭಾವ ಏನಾಯಿತು ಎಂದು ಕೇಳುತ್ತಾರೆ, ಅದಕ್ಕೆ ಹೋದೆ. ಹಸಿರು ಡ್ರೆಸ್ ಹಾಕಿದ್ದೆ. ಔಷಧಿ ಅಂಗಡಿಯವಳು ನನ್ನ ಸುತ್ತ ಒಂದು ಸುತ್ತು ಬಂದು, "ಎಷ್ಟು ಚೆನ್ನಾಗಿ ಕೂತಿದೆ ರೀ ಎದೆ ಭಾಗ! ನನಗೂ ಹೇಳ್ಕೊಡಿ" ಎಂದಳು. ಎಂದೂ ಒಬ್ಬರನ್ನು ಹೊಗಳಿದವಳಲ್ಲ. ನನಗೆ ಅಲ್ಲೇ ಬೆಂಚಿನ ಮೇಲೆ ಕೂರಬೇಕಾಯಿತು.

ಉಪಾಯ ಮಾಡಿದೆ ಎಂದಿದ್ದೆನಲ್ಲ, ಏನೆಂದು ಹೇಳುತ್ತೇನೆ. ಎಡಗಡೆ ದೊಡ್ಡದಾಗಿತ್ತು. ಡಾರ್ಟನ್ನು ಬಿಚ್ಚಿ ಎಡಗಡೆಗೆ ತಕ್ಕ ಹಾಗೆ ಹೊಲಿದೆ, ಬಲಗಡೆಯೂ ಅಷ್ಟೇ ಕಾಣಲೆಂದು ಒಳಗೆ ಎರಡು ಪದರ ಹತ್ತಿ ಇಟ್ಟೆ. ಸರಿಯಿದ್ದ ಕಡೆಯನ್ನು ತಪ್ಪಿದ ಕಡೆಗೆ ಹೊಂದಿಸಿದೆ. ನನ್ನ ಹತ್ತಿರ ಕಲಿಯಲು ಬಂದ ಹುಡುಗಿ ಹೀಗೆ ಮಾಡಿದ್ದರೆ ಕಪಾಳಕ್ಕೆ ಕೊಡುತ್ತಿದ್ದೆ.

ಬಟ್ಟೆಯ ದೋಷ ಅಲ್ಲ ಎಂದು ನನಗೆ ಗೊತ್ತಿತ್ತು. ನೀನು ಕನ್ನಡಿ ಮುಂದೆ ನಿಲ್ಲು ಎಂದು ಬರೆಯುವ ಮೊದಲೇ ಗೊತ್ತಿತ್ತು. ನವೆಂಬರಿನಿಂದ ಗೊತ್ತು. ಅಮ್ಮನಿಗೆ ಸ್ನಾನ ಮಾಡಿಸಿದವಳು ನಾನು. ಅದು ಹೇಗಿರುತ್ತದೆ ಎಂದು ನನ್ನ ಬೆರಳಿಗೆ ನೆನಪಿದೆ. ನಿನಗೆ ಮೂರು ಸಲ ಬಿಚ್ಚಿದೆ ಎಂದು ಯಾಕೆ ಬರೆದೆನೋ. ಯಾರಿಗಾದರೂ ಹೇಳಬೇಕು ಅನಿಸಿರಬೇಕು, ಬಟ್ಟೆಯ ಮೇಲೆ ಹಾಕಿ ಹೇಳಿದೆ.

ಕಳೆದ ವಾರ ಎರಡು ಸಲ ಗೌನುಗಳ ಗಂಟು ಹೊತ್ತು ಎರಡನೇ ಮಹಡಿಗೆ ನಾನೇ ಹೋದೆ. ಹೊತ್ತುಹೋಗುವ ಕೆಲಸ ನನ್ನದಲ್ಲ. ನರ್ಸ್ ಗಂಟು ತೆಗೆದುಕೊಂಡು, "ಇನ್ನೇನಾದ್ರೂ ಬೇಕಿತ್ತಾ?" ಎಂದಳು. ಏನಿಲ್ಲ ಎಂದು ಇಳಿದು ಬಂದೆ. ಎರಡು ಸಲವೂ.

ನನಗೆ ಭಯ. ಕಾಯಿಲೆಯ ಭಯ ಇದೆ, ಇಲ್ಲ ಎನ್ನುವುದಿಲ್ಲ. ಅದಕ್ಕಿಂತ ಹೆಚ್ಚು, ಅಲ್ಲಿ ಕೂತ ಡಾಕ್ಟರು, "ನಿಮ್ಮ ಮನೆಯಲ್ಲಿ ಯಾರಿಗಾದರೂ ಇತ್ತಾ?" ಎಂದು ನನ್ನನ್ನೂ ಕೇಳುತ್ತಾರಲ್ಲ. ಹೌದು ಎನ್ನಬೇಕು. ಎಂದಿನಿಂದ ಗೊತ್ತು ಎಂದರೆ ಅದನ್ನೂ ಹೇಳಬೇಕು. ತಂಗಿಗೆ ಹೇಳಿದ್ದಿರಾ ಎಂದರೆ?

ನೀನು ನನ್ನ ಮುಖ ನೋಡುವುದಿಲ್ಲ ಎಂದಾದರೆ ನಾನು ಆ ಮೆಟ್ಟಿಲು ಹತ್ತುವುದು ಯಾರಿಗಾಗಿ? ಹೆದರಿಸಲು ಬರೆಯುತ್ತಿಲ್ಲ. ಒಂದು ಸಾಲು ಬರೆ. ಬೈಗುಳವಾದರೂ ಆದೀತು.

ಅಕ್ಕ


ಏಪ್ರಿಲ್ 13

ಅಕ್ಕ,

ಒಂದು ಸಾಲಿನಲ್ಲಿ ಮುಗಿಯುವಷ್ಟು ಸಿಟ್ಟಲ್ಲ ನನ್ನದು.

ನಾಲ್ಕು ವರ್ಷದ ಹಿಂದೆ ನಮ್ಮ ಅಂಗಡಿ ಇರುವ ಬೀದಿಗೆ ತಪಾಸಣೆಯ ವ್ಯಾನು ಬಂದಿತ್ತು. ಹೆಂಗಸರಿಗೆಂದೇ ಬಂದದ್ದು. ನಾನು ಸಾಲಿನಲ್ಲಿ ನಿಂತಿದ್ದೆ. ನರ್ಸ್ ಪುಸ್ತಕ ತೆರೆದು ಮನೆಯಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳಿದಳು. ಇಲ್ಲ ಎಂದೆ. "ಹಾಗಾದ್ರೆ ನಿಮ್ಗೆ ಅರ್ಜೆಂಟಿಲ್ಲ, ನಲವತ್ತೈದಾದ್ಮೇಲೆ ಬನ್ನಿ" ಎಂದು ನನ್ನ ಹಿಂದಿನವಳನ್ನು ಕರೆದಳು. ನಾನು ಖುಷಿಯಿಂದ ಅಂಗಡಿಗೆ ವಾಪಸು ಹೋದೆ. ನಿನ್ನ ಕಾಗದ ಬಂದ ದಿನದಿಂದ ಆ ಸಾಲಿನಲ್ಲೇ ನಿಂತಿದ್ದೇನೆ. ಪ್ರತಿ ದಿನ ಅವಳು ಕೇಳುತ್ತಾಳೆ, ನಾನು ಇಲ್ಲ ಎನ್ನುತ್ತೇನೆ.

ಅಮ್ಮನಿಗೆ ಆಣೆ ಮಾಡಿದಾಗ ನಿನಗೆ ಇಪ್ಪತ್ತು, ಅದನ್ನು ನಾನು ಅರ್ಥಮಾಡಿಕೊಳ್ಳುತ್ತೇನೆ. ಇಪ್ಪತ್ತೊಂದಕ್ಕೆ, ಮೂವತ್ತಕ್ಕೆ, ನಲವತ್ತಕ್ಕೆ? ನೀನು ನನ್ನ ಎದೆಗೆ ಟೇಪು ಸುತ್ತಿ ಅಳೆದಿದ್ದೀಯ ಅಕ್ಕ, ನಾನು ಬಂದಾಗಲೆಲ್ಲ ಅಳೆದಿದ್ದೀಯ, ಸಂಖ್ಯೆ ಬರೆದುಕೊಂಡು ನಕ್ಕಿದ್ದೀಯ. ಆಗ ನಿನ್ನ ಮನಸ್ಸಿನಲ್ಲಿ ಏನಿತ್ತು? ಇದಕ್ಕೆ ಕಾಗದದಲ್ಲಿ ಉತ್ತರ ಬರೆಯಬೇಡ. ಓದಿ ಹರಿದುಹಾಕುತ್ತೇನೆ.

ನಿನ್ನ ಕೊನೆಯ ಕಾಗದವನ್ನು ಟೀಚರಿಗೆ ಓದಿ ಹೇಳಿದೆ. ಏನು ಮಾಡಲಿ ಎಂದು ಕೇಳಿದೆ. ಆಕೆ ಒಳಗೆ ಹೋಗಿ ನನ್ನ ಚೀಲ ತಂದು ಮಂಚದ ಮೇಲಿಟ್ಟರು.

ಇವತ್ತು ನಾನೇ ನಿನ್ನ ಆಸ್ಪತ್ರೆಯ ಎರಡನೇ ಮಹಡಿಗೆ ಫೋನ್ ಮಾಡಿದೆ. ಬರುವ ವಾರದ ಬುಧವಾರ ಹನ್ನೊಂದು ಗಂಟೆಗೆ ನಿನ್ನ ಹೆಸರು ಬರೆಸಿದ್ದೇನೆ. ಮನೆಯಲ್ಲಿ ಯಾರಿಗಾದರೂ ಇತ್ತೇ ಎಂದು ಅವರು ಅಲ್ಲೇ ಕೇಳಿದರು. ತಾಯಿಗೆ ಇತ್ತು, ತಂಗಿಗೆ ಇದೆ ಎಂದೆ. ನೀನು ಹೆದರಿ ಕೂತಿದ್ದ ಮಾತು ಇಷ್ಟೇ. ಅದನ್ನು ನಾನು ಹೇಳಿಯಾಯಿತು, ಇನ್ನು ನೀನು ಬಂದು ಕೂತರೆ ಸಾಕು. ನನ್ನ ಡಾಕ್ಟರನ್ನು ಕೇಳಿದೆ, ಒಂದು ವಾರ ಪ್ರಯಾಣ ಮಾಡಬಹುದು ಎಂದಿದ್ದಾರೆ. ಭಾವನಿಗೆ ನಾನು ಬರುವ ಮುಂಚೆ ನೀನೇ ಎಲ್ಲ ಹೇಳಿರಬೇಕು. ಈ ಮನೆಯಲ್ಲಿ ಇನ್ನು ಯಾರೂ ಯಾರಿಂದಲೂ ಏನನ್ನೂ ಮುಚ್ಚಿಡುವಂತಿಲ್ಲ.

ನಾನು ನಿನ್ನನ್ನು ಕ್ಷಮಿಸಿಲ್ಲ. ಬುಧವಾರಕ್ಕೂ ಕ್ಷಮಿಸಿರುವುದಿಲ್ಲ. ಅದಕ್ಕೆ ಬಹಳ ವರ್ಷ ಬೇಕು, ಅಷ್ಟು ವರ್ಷ ನೀನು ಇರಬೇಕು.

ಬುಧವಾರ ಬೆಳಿಗ್ಗೆ ಎಂಟಕ್ಕೆ ನನ್ನ ಬಸ್ಸು ನಿಮ್ಮೂರಿಗೆ ಬರುತ್ತದೆ. ಭಾವನನ್ನು ಕಳಿಸಬೇಡ. ನೀನೇ ಬಾ.